ಮಳೆಯಲ್ಲಿ ಗೆಂಡೆ ಮೀನಿನ ಗಾಳ ಸ್ಪರ್ಧೆ: ಕಾರ್ಕಳ ಕಡೆ ಮೊನ್ನೆ ಹೋದವ್ರು ಯಾರಾದ್ರೂ ಇದ್ದೀರಾ?

ಬೆಂಡು_ಮುಳುಗ್ತು:
ನಮಸ್ಕಾರ ಎಲ್ರಿಗೂ. ಮೊನ್ನೆ ಆದಿತ್ಯವಾರ ಕಾರ್ಕಳ ಕಡೆ ಒಂದು ಖಾಸಗಿ ಕೆರೆಯಲ್ಲಿ ಗಾಳದ ಸ್ಪರ್ಧೆ ಇತ್ತಲ್ಲ, ನಾವು ಮಂಗಳೂರಿಂದ ನಾಲ್ಕು ಜನ ಹೋಗಿದ್ದೆವು. ಬಂದಾಗಿಂದ ಫೋನಿನ ಮೇಲೆ ಫೋನು, "ಆ ಮಳೆಗೆ ಎಂತ ಮೀನು ಸಿಕ್ತದೆ ಮಾರಾಯ" ಅಂತ ಕೇಳುದೇ ಕೇಳುದು, ಅದಕ್ಕೇ ಒಂದೇ ಸಲ ಇಲ್ಲಿ ಬರ್ದುಬಿಡ್ತೇನೆ.

ರೂಲ್ಸು ಸಿಂಪಲ್. ಗೆಂಡೆ ಜಾತಿ ಮಾತ್ರ ತೂಕಕ್ಕೆ, ಅಂದ್ರೆ ಕಾಟ್ಲಾ, ರೋಹು, ಮೃಗಾಲ್, ಕಾಮನ್ ಕಾರ್ಪ್. ಮುಗುಡು ಎಷ್ಟು ದೊಡ್ಡದು ಸಿಕ್ಕಿದ್ರೂ ಫೋಟೋ ತೆಗ್ದು ಬಿಡುದೇ. ಒಬ್ರಿಗೆ ಒಂದು ರಾಡು, ಒಂದೇ ಗಾಳ. ಜಾಗ ಚೀಟಿ ಎತ್ತಿ. ಮೊದಲ ಸೀಟಿಗೆ ಶುರು, ಕೊನೆ ಸೀಟಿಗೆ ಬಂದ್, ಸೀಟಿಗಿಂತ ಮೊದ್ಲೇ ಕಚ್ಚಿ ಎಳೆತದಲ್ಲಿದ್ರೆ ಅದೊಂದು ಲೆಕ್ಕಕ್ಕೆ. ಒಟ್ಟು ತೂಕ ಯಾರದ್ದು ಜಾಸ್ತಿ ಅವ್ರು ಫಸ್ಟು, ಒಂದೇ ದೊಡ್ಡ ಮೀನಿಗೆ ಬೇರೆ ಪ್ರೈಜು.

ನಂಗೆ ಬಂದ ಚೀಟಿ ನೋಡಿ ಪಕ್ಕದವ್ರು ನಕ್ಕದ್ದೇ ನಕ್ಕದ್ದು, ಯಾಕಂದ್ರೆ ತೋಡಿನ ನೀರು ಕೆರೆಗೆ ಬೀಳುವ ಮೂಲೆ ಅದು. ನೀರು ಪೂರಾ ಕೆಂಪು, ಕಸ ಕಡ್ಡಿ ತೇಲ್ತಾ ಬರ್ತಾ ಉಂಟು, ಸದ್ದು ಬೇರೆ. ಎಲ್ರಿಗೂ ಬೇಕಾದ್ದು ಏರಿ ಬದಿ, ಅಲ್ಲಿ ಆಳ ಜಾಸ್ತಿ, ಕೂತ್ಕೊಳ್ಳಿಕ್ಕೆ ಕಲ್ಲುಕಟ್ಟೆ, ಹಿಂದೆ ಚಾ ಕೊಡುವ ಶೆಡ್ಡು. ಸೀಟಿ ಊದಿದ ಕೂಡ್ಲೇ ಮಳೆ ಬಂತು ನೋಡಿ, ಆಚೆ ದಡ ಕಾಣದ ಹಾಗೆ. ಬೆಂಡು ಇಟ್ಟು ಕೂತವ್ರಿಗೆ ಬೆಂಡೇ ಕಾಣುದಿಲ್ಲ, ಹನಿ ಬಿದ್ದು ನೀರೆಲ್ಲ ಕುಣೀತಾ ಉಂಟು, ಮೀನು ಮುಟ್ಟಿದ್ದಾ ಮಳೆ ಮುಟ್ಟಿದ್ದಾ ಹೇಳ್ಲಿಕ್ಕೆ ಆಗುದಿಲ್ಲ.

ನಾನು ಬೆಂಡು ತೆಗೆದು ಸಣ್ಣ ಸೀಸ ಹಾಕಿದೆ. ಕೆಂಪು ನೀರೂ ಕೆರೆಯ ಹಸಿರು ನೀರೂ ಕೂಡುವಲ್ಲಿ ಒಂದು ಗೆರೆ ಇತ್ತು, ಸರಿಯಾಗಿ ಕಾಣ್ತಿತ್ತು, ಆ ಗೆರೆಯ ಹಸಿರು ಬದಿಗೆ ಎರೆಹುಳ ಬಿಟ್ಟು ತಂಗೂಸನ್ನು ತೋರುಬೆರಳ ಮೇಲೆ ಹಿಡ್ಕೊಂಡು ಕೂತೆ. ಕಚ್ಚಿದ್ದು ಟಕ್ ಟಕ್ ಅಂತ ಅಲ್ಲ ಮಾರ್ರೆ, ಯಾರೋ ದಾರದ ಮೇಲೆ ಒದ್ದೆ ಬಟ್ಟೆ ಇಟ್ಟ ಹಾಗೆ ಸುಮ್ನೆ ಒಂದು ಭಾರ. ಎತ್ತಿದ್ರೆ ಮೃಗಾಲ್. ಮತ್ತೆ ಕಾಮನ್ ಕಾರ್ಪು, ಮತ್ತೆ ಮೃಗಾಲು, ಮಧ್ಯದಲ್ಲಿ ಒಂದು ದೊಡ್ಡದು ರೀಲು ಕಿರ್ರ್ ಅನ್ನಿಸಿ ಬೇರಿಗೆ ಸಿಕ್ಕಿ ಹೋಯ್ತು. ಏರಿ ಬದಿಯವ್ರಿಗೆ ಆಗಾಗ ಒಂದೊಂದು ಸಣ್ಣ ರೋಹು, ಅಷ್ಟೇ. ಫಸ್ಟ್ ಬಂದವ್ರು ಯಾರು ಗೊತ್ತುಂಟಾ, ನನ್ನಿಂದ ಎರಡು ಜಾಗ ಆಚೆ ಕೂತ ಒಬ್ರು ವಯಸ್ಸಾದ ಮಾಮ, ಪ್ಲಾಸ್ಟಿಕ್ ಗೊರಬೆ ಹಾಕ್ಕೊಂಡು ಇಡೀ ಹೊತ್ತು ಎದ್ದದ್ದೇ ಇಲ್ಲ. ನಂಗೆ ಮೂರನೇದು.

ಈಗ ನನ್ನ ಪ್ರಶ್ನೆ. ಇದು ಚೀಟಿ ಲಕ್ಕಾ, ಅಥವಾ ಮಳೆಗೆ ಗೆಂಡೆ ನಿಜವಾಗ್ಲೂ ತೋಡಿನ ಬಾಯಿಗೆ ಬರ್ತದಾ? ನನ್ನ ಪ್ರಕಾರ ಮಳೆ ಬಂದ್ರೆ ಮೀನು ತಿನ್ನುದು ನಿಲ್ಲಿಸುದಿಲ್ಲ, ಜಾಗ ಬದಲಾಯಿಸ್ತದೆ, ನಾವು ಕೂತಲ್ಲೇ ಕೂತು ಮಳೆಗೆ ಬೈತೇವೆ.

ಹಿಂಡಿ_ಎಕ್ಸ್‌ಪರ್ಟ್:
ಲಕ್ಕೇ ಅಣ್ಣ, ಬೇಜಾರು ಮಾಡ್ಬೇಡಿ. ನಾನೂ ಇದ್ದೆ, ಏರಿ ಬದಿ. ಮಳೆಗೆ ಗಾಳಿಯ ಒತ್ತಡ ಇಳೀತದೆ, ಒತ್ತಡ ಇಳಿದ್ರೆ ಮೀನಿನ ಗಾಳಿಚೀಲಕ್ಕೆ ಹಿಂಸೆ ಆಗ್ತದೆ, ಅದಕ್ಕೆ ಬಾಯಿ ಬಿಡುದಿಲ್ಲ. ಇದು ಹಳೇ ಗಾಳದವ್ರೆಲ್ಲ ಹೇಳುದು. ಬಿಸಿಲು ಇದ್ದಿದ್ರೆ ನನ್ನ ಉಂಡೆಗೆ ಯಾರೂ ಎದುರು ನಿಲ್ಲುದಿಲ್ಲ. ನೆಲಗಡಲೆ ಹಿಂಡಿ, ಅಕ್ಕಿ ತೌಡು, ಸ್ವಲ್ಪ ಮೈದಾ, ಹುರಿದ ಸೋಂಪಿನ ಪುಡಿ, ಕದಳಿ ಬಾಳೆಹಣ್ಣು, ಕೊನೆಗೆ ಕೆಂಪಿರುವೆ ಮೊಟ್ಟೆ. ರೋಹು ವಾಸನೆಗೇ ಬರ್ತದೆ. ಬೆಳಿಗ್ಗೆ ಒಂದು ಬಕೆಟು ಪೂರಾ ನೀರಿಗೆ ಹಾಕಿದ್ದೆ, ಜಾಗ ಹಿಡೀಲಿ ಅಂತ.

ಮಲ್ಪೆ_ದಕ್ಕೆ:
ಜೂನ್ 1ರಿಂದ ಜುಲೈ 31ರ ತನಕ ಕಡಲ ಮೀನುಗಾರಿಕೆ ನಿಷೇಧ ಅಂತ ಬೋಟು ಕಟ್ಟಿ ಕೂತವ್ರಿಗೆ ಇದೆಲ್ಲ ಓದ್ಲಿಕ್ಕೆ ಒಳ್ಳೆ ಟೈಂಪಾಸು. ಕಾಟ್ಲಾ ಹಿಡೀಲಿಕ್ಕೆ ಕದಳಿ ಬಾಳೆಹಣ್ಣು ಸೋಂಪು ಎಲ್ಲ ಬೇಕಾ ಮಾರ್ರೆ? ನಮ್ಮ ಬೂತಾಯಿಗೆ ಇಷ್ಟು ಉಪಚಾರ ಯಾರೂ ಮಾಡಿಲ್ಲ.

ಮಣಿಪಾಲ_ಮಳೆ:
ಗುರುಗಳೇ ನಾನು ದಾವಣಗೆರೆ ಕಡೆಯವ್ನು, ಇಲ್ಲಿಗೆ ಓದಾಕ್ ಬಂದೀನಿ. ನಮ್ ಕಡೆ ಮಳೆ ಬಂತು ಅಂದ್ರೆ ಕೆರೆ ಕಡೆ ಹೋಗೋದೇ ಖುಷಿ, ಇಲ್ಲಿ ಮಳೆ ನಿಲ್ಲೋದೇ ಇಲ್ವಲ್ಲ. ಯೆಲ್ಲೋ ಅಲರ್ಟ್ ಇದ್ರೂ ಸ್ಪರ್ಧೆ ಮಾಡ್ತಾರಾ? ಮತ್ತೆ ಹೊಸಬರಿಗೆ ಎಂಥ ರಾಡ್ ತಗೋಬೇಕು ಹೇಳ್ರಿ, ಬಜೆಟ್ ಕಮ್ಮಿ ಐತಿ.

ಎಕ್ಕೂರು_ಹಳೆಬ್ಯಾಚ್:
ಹಿಂಡಿ ಸಾಹೇಬ್ರೇ, ಒತ್ತಡದ ಕಥೆ ನಾನೂ ಚಿಕ್ಕಂದಿನಿಂದ ಕೇಳ್ತಾ ಬಂದವ, ಆದ್ರೆ ಲೆಕ್ಕ ಹಾಕಿ ನೋಡಿ. ಗಾಳಿಯ ಒತ್ತಡ 1 ಮಿಲಿಬಾರ್ ಇಳಿದ್ರೆ ಅದು ನೀರಲ್ಲಿ ಸುಮಾರು 1 ಸೆಂಟಿಮೀಟರ್ ಆಳದ ವ್ಯತ್ಯಾಸಕ್ಕೆ ಸಮ. ಒಳ್ಳೆ ಮಳೆ ದಿನ ಒಂದು ಐದಾರು ಮಿಲಿಬಾರ್ ಇಳೀತು ಅಂತ ಇಟ್ಕೊಳ್ಳುವ, ಮೀನು ನಾಲ್ಕು ಬೆರಳು ಕೆಳಗೆ ಹೋದ್ರೆ ಮುಗೀತು, ಲೆಕ್ಕ ಸರಿ. ದಿನಾ ಮೇಲೆ ಕೆಳಗೆ ಮೀಟರುಗಟ್ಟಲೆ ಓಡಾಡುವ ಮೀನಿಗೆ ಅದರಿಂದ ಹಿಂಸೆ ಅಂದ್ರೆ ನಂಬ್ಲಿಕ್ಕೆ ಕಷ್ಟ.

ಆಗುದು ಬೇರೆ. ಎರಡು ಮೂರು ದಿನ ಮೋಡ ಮುಚ್ಚಿದ್ರೆ ಕೆರೆಯ ಹಸಿರು ಪಾಚಿ ಹಗಲು ಆಮ್ಲಜನಕ ತಯಾರಿಸುದು ಕಡಿಮೆ, ರಾತ್ರಿ ಅದೇ ಪಾಚಿ, ಮೀನು, ಅಡಿಯ ಕೆಸರು ಎಲ್ಲ ಸೇರಿ ಇದ್ದದ್ದನ್ನೂ ಖಾಲಿ ಮಾಡ್ತವೆ. ಹಾಗಾಗಿ ಬೆಳಗಾಗುವ ಹೊತ್ತಿಗೆ ತೀರಾ ಕಡಿಮೆ ಇರ್ತದೆ, ಅದ್ರಲ್ಲೂ ಆಳದಲ್ಲಿ. ಲೀಟರಿಗೆ 5 ಮಿಲಿಗ್ರಾಮಿನ ಮೇಲೆ ಇದ್ರೆ ಗೆಂಡೆ ಆರಾಮಾಗಿ ತಿಂತದೆ, 3ರಿಂದ ಕೆಳಗೆ ಇಳಿದ್ರೆ ತಿನ್ನುದು ಬಿಟ್ಟು ಮೇಲೆ ಬಂದು ಬಾಯಿ ಬಾಯಿ ಬಿಡ್ತದೆ. ನಿಮ್ಮ ಏರಿ ಬದಿ ಎಲ್ಲಕ್ಕಿಂತ ಆಳ ಅಂತ ನೀವೇ ಹೇಳ್ತೀರಿ. ತೋಡಿನ ನೀರು ಕಲ್ಲಿಗೆ ಬಡಿದು ಬಡಿದು ಗಾಳಿ ಕುಡ್ಕೊಂಡು ಬರ್ತದೆ, ಜೊತೆಗೆ ಎರೆಹುಳ, ಹುಳ ಹುಪ್ಪಟೆ ತರ್ತದೆ. ಮೀನು ಎಲ್ಲಿಗೆ ಹೋಗ್ಬೇಕು ಹೇಳಿ.

ಇನ್ನೊಂದು, ಗೆಂಡೆಗೆ ಜಠರ ಅಂತ ಇಲ್ಲ. ಗಂಟಲಲ್ಲಿ ಹಲ್ಲು ಉಂಟು, ಅಲ್ಲೇ ಅರೀತದೆ, ಅರೆದದ್ದು ಸೀದಾ ಕರುಳಿಗೆ. ಒಟ್ಟಿಗೆ ಹೊಟ್ಟೆಗೆ ತುಂಬಿ ಇಟ್ಕೊಳ್ಳುವ ವ್ಯವಸ್ಥೆಯೇ ಇಲ್ಲ, ಅದು ಇಡೀ ದಿನ ಚೂರು ಚೂರು ತಿನ್ನುವ ಜಾತಿ. ಶುರುವಿನಲ್ಲೇ ಒಂದು ಬಕೆಟು ಹಿಂಡಿ ಸುರಿಯುದಕ್ಕಿಂತ ಲಿಂಬೆ ಗಾತ್ರದ ಉಂಡೆ ಆಗಾಗ ಒಂದೇ ಜಾಗಕ್ಕೆ ಹಾಕುದು ಒಳ್ಳೇದು. ಮಳೆ ದಿನ ಅಂತೂ ಅಡಿಯಲ್ಲಿ ಉಳಿದ ಹಿಂಡಿ ಕೊಳೆತು ಇದ್ದ ಆಮ್ಲಜನಕವನ್ನೂ ತಿಂತದೆ.

ಹಿಂಡಿ_ಎಕ್ಸ್‌ಪರ್ಟ್:
ಜಠರ ಇಲ್ವಾ?? ಇದು ಗೊತ್ತಿರ್ಲಿಲ್ಲ. ಆದ್ರೂ ಮಾಮ ಎಂತ ಹಾಕಿದ್ರು ಅಂತ ಯಾರಾದ್ರೂ ನೋಡಿದ್ದೀರಾ, ಅವ್ರ ಡಬ್ಬಿ ಮುಚ್ಚಿಯೇ ಇತ್ತು.

ಬೆಂಡು_ಮುಳುಗ್ತು:
ನಾನು ಕೇಳಿದೆ. ಎರೆಹುಳ ಮತ್ತೆ ನಿನ್ನೆಯ ಕುಚ್ಚಲಕ್ಕಿ ಅನ್ನ, ಅಷ್ಟೇ ಅಂತೆ. ಡಬ್ಬಿ ಮುಚ್ಚಿದ್ದು ಗುಟ್ಟಿಗಲ್ಲ, ಮಳೆಗೆ. ನಿಮ್ಮ ಬದಿಯಲ್ಲಿ ಎಲ್ರ ಹಿಂಡಿಯೂ ಮಳೆ ನೀರು ಕುಡಿದು ಗಂಜಿ ಆಗಿತ್ತು, ಎಸೆಯುವಾಗ ಗಾಳದಿಂದ ಅರ್ಧ ಗಾಳಿಯಲ್ಲೇ ಬಿದ್ದು ಹೋಗ್ತಿತ್ತು, ನಾನು ಈಚೆಯಿಂದ ನೋಡ್ತಾ ಇದ್ದೆ. ಬರೀ ಗಾಳ ನೀರಲ್ಲಿಟ್ಟು ಕಾದವ್ರು ಎಷ್ಟು ಜನವೋ. ಮಳೆ ದಿನ ಹಿಂಡಿ ಒಣ ಪುಡಿಯಾಗಿ ಮುಚ್ಚಳದ ಬಕೆಟಲ್ಲಿ ಇಟ್ಕೊಳ್ಳಿ, ಬೇಕಾದಷ್ಟೇ ಕಲಸಿ, ನೀರು ಹಾಕುವ ಅಗತ್ಯವೇ ಬರುದಿಲ್ಲ, ಕೈಯಲ್ಲಿದ್ದ ಒದ್ದೆ ಸಾಕು.

ಅಡಿಕೆ_ತೋಟ:
ತೋಡಿನ ಬಾಯಿ ಯಾವಾಗ್ಲೂ ಒಳ್ಳೇದು ಅಂತ ಬರ್ಕೊಳ್ಬೇಡಿ. ನಮ್ಮಲ್ಲಿ ಒಂದು ಸಣ್ಣ ಕೆರೆ ಉಂಟು, ಕಾಟ್ಲಾ ರೋಹು ಸಾಕ್ತೇವೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೀತೇವಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತು ಅಂದ್ರೆ ತಾಮ್ರ, ಮೀನಿಗೆ ವಿಷ. ಮದ್ದು ಬಿಟ್ಟ ಮೇಲೆ ಒಣಗ್ಲಿಕ್ಕೆ ಬಿಡದೆ ಮಳೆ ಬಂದ್ರೆ ತೊಳೆದು ತೋಡಿಗೆ ಬರ್ತದೆ, ಆಗ ಆ ಮೂಲೆಗೆ ಮೀನು ತಲೆ ಹಾಕುದಿಲ್ಲ. ನಾವು ಮದ್ದು ಬಿಡುವ ವಾರ ತೋಡಿನ ನೀರನ್ನು ಕೆರೆಗೆ ಬಿಡುದೇ ಇಲ್ಲ, ಬೇರೆ ಕಣಿಯಲ್ಲಿ ಹೊರಗೆ ತಿರುಗಿಸ್ತೇವೆ. ಮೊದಲ ಮಳೆಯ ನೀರೂ ಹಾಗೆಯೇ, ಬೇಸಿಗೆಯ ಕೊಳೆ ಪೂರಾ ತರ್ತದೆ, ನಮ್ಮ ಮುರಕಲ್ಲಿನ ಮಣ್ಣಿನ ನೀರು ಸ್ವಲ್ಪ ಹುಳಿ ಬೇರೆ, ಅದಕ್ಕೇ ಕೆರೆಗೆ ಸುಣ್ಣ ಹಾಕುದು.

ಹಾಗಾಗಿ ಸ್ಪರ್ಧೆಗೆ ಮುಂಚೆ ತೋಡಿನ ಮೇಲ್ಗಡೆ ನಾಲ್ಕು ಹೆಜ್ಜೆ ನಡ್ಕೊಂಡು ಹೋಗಿ ನೋಡಿ ಬನ್ನಿ. ತೋಟದ ಮರಗಳ ಬುಡದಲ್ಲಿ ನೀಲಿ ಕಲೆ ಹೊಸತಾಗಿ ಕಂಡ್ರೆ ಬೇರೆ ಜಾಗ ನೋಡುದು ಒಳ್ಳೇದು. ಗದ್ದೆ ಬದಿಯ ನೀರಾದ್ರೆ ಮಜಾ, ಹುಳ ಜಾಸ್ತಿ.

ಬೆಂಡು_ಮುಳುಗ್ತು:
ಇದು ಒಳ್ಳೆ ಪಾಯಿಂಟು. ಮೊನ್ನೆಯದ್ದು ಗದ್ದೆ ಕಡೆಯಿಂದ ಬರುವ ನೀರು, ನೇಜಿ ಆದ, ಅಂದ್ರೆ ಭತ್ತದ ಸಸಿ ನೆಟ್ಟಾದ ಗದ್ದೆ.

ಪರ್ಕಳದಕ್ಕ:
ನಾನೂ ಇದ್ದೆ, ಹೆಂಗಸ್ರು ನಾವು ಮೂರೇ ಜನ. ಮೀನಿನ ಮಾತು ಸಾಕು, ತೂಕದ ಮಾತು ಯಾಕೆ ಯಾರೂ ಎತ್ತುದಿಲ್ಲ? ಮೀನು ಹಾಕಿದ ಬಲೆಚೀಲವನ್ನು ನೀರು ಸೋರ್ತಾ ಇರುವಾಗ್ಲೇ ತಕ್ಕಡಿಗೆ ನೇತು ಹಾಕಿದ್ರು. ಒಬ್ರದ್ದು ದಪ್ಪ ನೂಲಿನ ಚೀಲ, ಒಬ್ರದ್ದು ತೆಳು ನೈಲಾನು. ಒದ್ದೆ ಚೀಲದ ತೂಕ ಕಳೆಯದೆ ಲೆಕ್ಕ ಹಾಕಿದ್ರೆ ಹೇಗೆ? ಎರಡನೇ ಮೂರನೇ ಜಾಗಕ್ಕೆ ವ್ಯತ್ಯಾಸ ಬರೀ ಗ್ರಾಮಿನಲ್ಲಿ ಇತ್ತು. ಕೇಳಿದ್ರೆ "ಮಳೆ ಅಲ್ವಾ ಅಕ್ಕ, ಅಡ್ಜಸ್ಟ್ ಮಾಡಿ" ಅಂತ. ಮಳೆ ಅಂತಲೇ ಅಲ್ವಾ ಸರಿಯಾಗಿ ಮಾಡ್ಬೇಕಾದ್ದು! ಎಲ್ರಿಗೂ ಒಂದೇ ತೂಕದ ಚೀಲ ಇಟ್ಟು, ಒದ್ದೆ ಮಾಡಿ, ತಕ್ಕಡಿ ಸೊನ್ನೆಗೆ ತಂದು ಆಮೇಲೆ ಮೀನು ಹಾಕ್ಬೇಕು. ನಾನು ನಾಲ್ಕನೇದು, ಅದಕ್ಕೆ ಹೇಳುದು ಅಂತ ಅಂದ್ಕೊಂಡ್ರೆ ಅಂದ್ಕೊಳ್ಳಿ.

ಮತ್ತೆ ಯೆಲ್ಲೋ ಅಲರ್ಟ್ ಬಗ್ಗೆ ಕೇಳಿದ ತಮ್ಮನಿಗೆ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿಲಿಮೀಟರ್ ಬಂದ್ರೆ ಅದು ಭಾರೀ ಮಳೆ, 115.6ರಿಂದ 204.4ರ ವರೆಗೆ ಅತಿ ಭಾರೀ. ಮೊದಲಿನದ್ದಕ್ಕೆ ನಮ್ಮೂರಲ್ಲಿ ಮದುವೆಯೂ ನಿಲ್ಲುದಿಲ್ಲ. ಎರಡನೇದಕ್ಕೆ ಕೆರೆ ಏರಿ ಮೇಲೆ ಕೂತ್ಕೊಳ್ಳುದು ಬೇಡ, ಮೀನು ಎಲ್ಲಿಗೂ ಓಡಿ ಹೋಗುದಿಲ್ಲ. ಆದ್ರೆ ನಂಗೆ ಹೆದರಿಕೆ ಮಳೆಯದ್ದಲ್ಲ, ಸಿಡಿಲಿನದ್ದು. ಕಾರ್ಬನ್ ರಾಡು ಕರೆಂಟು ಹರಿಸ್ತದೆ, ಅದನ್ನು ಆಕಾಶಕ್ಕೆ ಎತ್ತಿ ಹಿಡ್ಕೊಂಡು ನೀರಿನ ಬದಿ ನಿಂತವ್ರು ಸಿಡಿಲಿಗೆ ಅಡ್ರೆಸ್ ಕೊಟ್ಟ ಲೆಕ್ಕ. ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ) ಮಳೆಗೆ ಗುಡುಗು ಕಡಿಮೆ, ಒಂದೇ ಸಮನೆ ಸುರೀತದೆ. ಮೇ ತಿಂಗಳದ್ದೂ ಅಕ್ಟೋಬರಿನ ಸಂಜೆ ಮಳೆಯೂ ಡೇಂಜರ್. ಮಿಂಚು ಕಂಡು 30 ಸೆಕೆಂಡಿನ ಒಳಗೆ ಗುಡುಗು ಕೇಳಿದ್ರೆ ರಾಡು ನೆಲದಲ್ಲಿ ಮಲಗಿಸಿ ಕಟ್ಟಡದ ಒಳಗೋ ಕಾರಿನ ಒಳಗೋ ಹೋಗುದು, ಕೊನೆಯ ಗುಡುಗಾಗಿ 30 ನಿಮಿಷ ಹೊರಗೆ ಬರುದಿಲ್ಲ. ಸ್ಪರ್ಧೆ ಮಾಡುವವ್ರು ಇದನ್ನು ರೂಲ್ಸಲ್ಲಿ ಬರೀಬೇಕು, ಮೊನ್ನೆ ಬರೆದಿರ್ಲಿಲ್ಲ.

ಎಕ್ಕೂರು_ಹಳೆಬ್ಯಾಚ್:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ, ಕೈ ಕಾಲಲ್ಲಿ ಗಾಯ ಇಟ್ಕೊಂಡು ತೋಡಿನ ನೀರಿಗೆ ಇಳೀಬೇಡಿ, ಮಳೆಗಾಲದಲ್ಲಿ ಇಲಿಜ್ವರ ಬರುದೇ ಹಾಗೆ. ಗಾಳ ಚುಚ್ಚಿದ ಬೆರಳೂ ಗಾಯವೇ. ಮನೆಗೆ ಬಂದು ಸೋಪು ಹಾಕಿ ತೊಳೀರಿ, ಆಮೇಲೆ ಜ್ವರ ಮೈಕೈ ನೋವು ಬಂದ್ರೆ ಡಾಕ್ಟ್ರ ಹತ್ರ "ಕೆರೆಗೆ ಇಳಿದಿದ್ದೆ" ಅಂತ ಬಾಯಿ ಬಿಟ್ಟು ಹೇಳಿ.

ಮಣಿಪಾಲ_ಮಳೆ:
ರಾಡ್ ಬಗ್ಗೆ ಯಾರೂ ಹೇಳ್ಲಿಲ್ಲ ಗುರುಗಳೇ. ಆಮೇಲೆ ಇನ್ನೊಂದು ಡೌಟು, ಮಳೆಗಾಲ ಅಂದ್ರೆ ಮೀನು ಮೊಟ್ಟೆ ಇಡೋ ಟೈಮ್ ಅಲ್ವಾ, ಈಗ ಹಿಡೀಬಹುದಾ?

ಎಕ್ಕೂರು_ಹಳೆಬ್ಯಾಚ್:
ಒಳ್ಳೆ ಪ್ರಶ್ನೆ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಹೊಳೆ ಮೀನು, ಮಳೆಗೆ ನೆರೆ ಬಂದಾಗ ಹೊಳೆಯಲ್ಲೇ ಮೊಟ್ಟೆ ಇಡುದು, ನಿಂತ ನೀರಿನ ಕೆರೆಯಲ್ಲಿ ತಾವಾಗಿ ಇಡುದಿಲ್ಲ. 1957ರ ಜುಲೈ 10ಕ್ಕೆ ಒಡಿಶಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿ ಮತ್ತೆ ಅಲಿಕುಞಿ ಅವ್ರು ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಮೊಟ್ಟೆ ಇಡಿಸುದ್ರಲ್ಲಿ ಗೆದ್ದ ಮೇಲೇ ಊರೂರಿನ ಕೆರೆಗೆ ಮರಿ ಸಿಗುವ ಹಾಗಾದದ್ದು, ಆ ದಿನವನ್ನೇ ಈಗ ಮೀನು ಕೃಷಿಕರ ದಿನ ಅಂತ ಮಾಡುದು. ಹಾಗಾಗಿ ಮರಿ ತಂದು ಬಿಟ್ಟ ಖಾಸಗಿ ಕೆರೆಯಲ್ಲಿ ಗಾಳ ಹಾಕಿದ್ರೆ ಸಂತತಿಗೆ ತೊಂದ್ರೆ ಇಲ್ಲ. ಕಾಮನ್ ಕಾರ್ಪು ಮಾತ್ರ ಕೆರೆಯಲ್ಲೇ ಜೊಂಡಿಗೆ ಅಂಟುವ ಮೊಟ್ಟೆ ಇಡ್ತದೆ. ನಂಗೆ ಸರಿ ಕಾಣದ್ದು ಮೊದಲ ಮಳೆಗೆ ತೋಡು ಗದ್ದೆಗೆ ಹತ್ತಿ ಬರುವ ಊರ ಮೀನನ್ನು ಮೊಟ್ಟೆ ಸಮೇತ ಬುಟ್ಟಿಗಟ್ಟಲೆ ಬಾಚುದು, ಅದು ನಮ್ಮ ಹಿರಿಯರ ಕಾಲದ ಖುಷಿ ಅಂತ ಎಷ್ಟು ಹೇಳಿದ್ರೂ.

ಪಬ್ಲಿಕ್ ಕೆರೆ ಆದ್ರೆ ಟೆಂಡರ್ ಯಾರಿಗೆ ಆಗಿದೆ ಕೇಳಿ. ದೇವಸ್ಥಾನದ ಹತ್ರ ಗಾಳ ತೆಗೀಲೇ ಬೇಡಿ, ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನು ಉಂಟಲ್ಲ, ಮಹಶೀರ್, ಅದೂ ಗೆಂಡೆಯ ಸಂಬಂಧವೇ, ಜನ ಅಕ್ಕಿ ಪುರಿ ಹಾಕಿ ಕೈ ಮುಗೀತಾರೆ.

ಬೆಂಡು_ಮುಳುಗ್ತು:
ತಮ್ಮಾ, ರಾಡಿಗೆ ಜಾಸ್ತಿ ಖರ್ಚು ಮಾಡ್ಬೇಡ. ಎಂಟು ಒಂಬತ್ತು ಅಡಿಯ ಗ್ಲಾಸ್ ಫೈಬರ್ ರಾಡು ಸಾಕು, ಕಾರ್ಬನ್ನಿಗಿಂತ ಭಾರ ಆದ್ರೂ ಬಿದ್ರೂ ಒದ್ರೂ ತಡೀತದೆ. ದುಡ್ಡು ರೀಲಿಗೆ ಹಾಕು, ಡ್ರ್ಯಾಗ್, ಅಂದ್ರೆ ಮೀನು ಎಳೆದಾಗ ದಾರ ಬಿಡುವ ಬ್ರೇಕು, ಸ್ಮೂತಾಗಿ ಬಿಡ್ಬೇಕು, ಗೆಂಡೆ ಮೊದಲ ಓಟ ಓಡುವಾಗ ಅದು ಹಿಡ್ಕೊಂಡ್ರೆ ದಾರ ಟಪ್. ನೈಲಾನು ನೀರು ಕುಡಿದ್ರೆ ಸ್ವಲ್ಪ ಬಲ ಕಡಿಮೆ ಆಗ್ತದೆ, ಮಳೆ ದಿನ ಒಂದು ಸೈಜು ದಪ್ಪ ಹಾಕು, ಗಂಟು ಬಿಗಿಯುವ ಮೊದ್ಲು ಎಂಜಲು ಮಾಡಿ ಎಳೆ. ತುದಿಯಲ್ಲಿ ಹಿಂಮುಳ್ಳಿಲ್ಲದ ಗಾಳ ತಕೊ, ವಾಪಸ್ ಬಿಡುವ ಮೀನಿಗೂ ನಿನ್ನ ಬೆರಳಿಗೂ ಒಳ್ಳೇದು, ಆದ್ರೆ ದಾರ ಸಡಿಲ ಬಿಟ್ಯೋ ಹೋಯ್ತು.

ಮತ್ತೆ ದಡದಲ್ಲಿ ಧಡ ಧಡ ನಡೀಬೇಡ. ಮಳೆ ಸದ್ದಿಗೆ ನಮ್ಮ ಸದ್ದು ಕೇಳುದಿಲ್ಲ ಅಂತ ಮೊನ್ನೆ ತುಂಬ ಜನ ಕೊಡೆ ಹಿಡ್ಕೊಂಡು ಆಚೀಚೆ ಓಡಾಡಿದ್ರು.

ಎಕ್ಕೂರು_ಹಳೆಬ್ಯಾಚ್:
ಹೌದು, ಗೆಂಡೆಗಳಿಗೆ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಎಲುಬುಗಳ ಸರಪಳಿ ಉಂಟು, ನೆಲದ ಅದುರು ಚೆನ್ನಾಗಿ ಗೊತ್ತಾಗ್ತದೆ. ಮಾಮ ಏಳದೆ ಕೂತದ್ದು ಸುಮ್ನೆ ಅಲ್ಲ.

ಮಲ್ಪೆ_ದಕ್ಕೆ:
ಎಲ್ಲ ಸರಿ, ತಂದ ಮೀನು ತಿಂದ್ರಾ? ಕೆಸರು ವಾಸನೆ ಹೇಗೆ ಇಳಿಸಿದ್ರಿ?

ಪರ್ಕಳದಕ್ಕ:
ತೂಕ ಆದ ಮೇಲೆ ಜೀವ ಇದ್ದದ್ದನ್ನೆಲ್ಲ ವಾಪಸ್ ಬಿಟ್ರು, ಅದೊಂದು ವಿಷಯದಲ್ಲಿ ಆಯೋಜಕರಿಗೆ ಮೆಚ್ಚಬೇಕು. ಎರಡು ಕಾಟ್ಲಾ ಉಳೀಲಿಲ್ಲ, ಅದನ್ನು ಹಂಚಿಕೊಂಡೆವು. ಆ ವಾಸನೆ ಪಾಚಿಯಿಂದ, ಅಡಿಯ ಮಣ್ಣಿನಿಂದ ಬರುದು, ಮೀನಿನ ಮಾಂಸಕ್ಕೇ ಹಿಡಿದಿರ್ತದೆ, ಬರೀ ತೊಳೆದ್ರೆ ಹೋಗುದಿಲ್ಲ. ಚರ್ಮ ತೆಗೆದು, ಹೊಟ್ಟೆಯ ಒಳಗಿನ ಕಪ್ಪು ಪೊರೆ ಉಜ್ಜಿ, ಉಪ್ಪು ಹುಳಿಯಲ್ಲಿ ಅರ್ಧ ಗಂಟೆ ಇಟ್ಟು, ಬಿಂಬುಳಿ ಜಾಸ್ತಿ ಹಾಕಿ ಗಸಿ ಮಾಡಿದೆ. ಮನೆಯಲ್ಲಿ ಬಂಗುಡೆ ಅಲ್ಲ ಅಂತ ಮುಖ ಸೊಟ್ಟ ಮಾಡಿದ್ರು, ಆದ್ರೆ ಪಾತ್ರೆ ಖಾಲಿ.

ಹಿಂಡಿ_ಎಕ್ಸ್‌ಪರ್ಟ್:
ಆಯ್ತು, ಮುಂದಿನ ಸಲ ಚೀಟಿ ಎತ್ತಿದ ಮೇಲೆ ತೋಡಿನ ಮೂಲೆ ಬೇಡ ಅಂತ ಯಾರಾದ್ರೂ ಅಂದ್ರೆ ನಂಗೆ ಕೊಡಿ, ಬದಲಿಗೆ ಏರಿ ಬದಿಯ ಕಲ್ಲುಕಟ್ಟೆ, ಮೇಲಿಂದ ಎರಡು ಉಂಡೆ ಫ್ರೀ. ಸೋಂಪು ಮಾತ್ರ ಬಿಡುದಿಲ್ಲ.

ಬೆಂಡು_ಮುಳುಗ್ತು:
ಜಾಗ ಬದಲಾಯಿಸ್ಲಿಕ್ಕೆ ರೂಲ್ಸಲ್ಲಿ ಇಲ್ಲ ಮಾರಾಯ್ರೆ, ತೂಕದ ಚೀಲದ ಜೊತೆ ಅದನ್ನೂ ಆಯೋಜಕರ ಹತ್ರ ಮಾತಾಡುವ. ಮಣಿಪಾಲದ ತಮ್ಮ ಬರುದಾದ್ರೆ ಮೆಸೇಜ್ ಮಾಡು, ಕಾರಲ್ಲಿ ಒಂದು ಸೀಟು ಉಂಟು, ಪಡುಬಿದ್ರೆಗೆ ಬಂದು ನಿಂತ್ರೆ ಹತ್ತಿಸ್ಕೊಂಡು ಹೋಗ್ತೇವೆ. ಕೊಡೆ ಬೇಡ, ರೈನ್‌ಕೋಟು ತಾ.